ಜಾರ್ ಹೆಸರು ನೋಡಿ ಮೋಸಹೋದೆ

ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿದ್ದ ಜಾವಾ ಪ್ರೋಗ್ರಾಂ ಟೆಸ್ಟ್ ಸರ್ವರಿಗೆ ಹಾಕಿದ ತಕ್ಷಣ ಬಿದ್ದುಹೋಯಿತು. ಲಾಗ್‌ನಲ್ಲಿ ನೋಸಚ್‌ಮೆಥಡ್‌ಎರರ್. ಗ್ವಾವಾ ಲೈಬ್ರರಿಯ (ಗೂಗಲ್‌ನವರ ಸಿದ್ಧ ಜಾವಾ ಕೋಡಿನ ಸಂಗ್ರಹ) ಪ್ರಿಕಂಡಿಷನ್ಸ್ ಕ್ಲಾಸಿನಲ್ಲಿ ಚೆಕ್‌ಆರ್ಗ್ಯುಮೆಂಟ್ ಅನ್ನುವ ಮೆಥಡ್ (ಹೆಸರಿಟ್ಟು ಕರೆಯುವ ಕೋಡಿನ ತುಂಡು) ಇಲ್ಲವಂತೆ. ಇದೆಯಲ್ಲ ಮಾರಾಯ, ಅದರ ಮೇಲೆಯೇ ಕಂಪೈಲ್ ಆಗಿದ್ದು!

ಎರರ್ ಸಾಲನ್ನು ನಿಧಾನವಾಗಿ ಓದಿದೆ. ಈ ಮೆಥಡ್‌ಗೆ ಒಂದೇ ಹೆಸರಿನಲ್ಲಿ ಹಲವು ರೂಪಗಳಿವೆ. ಬೇಕಾಗಿದ್ದದ್ದು ಒಂದು ಬೂಲಿಯನ್ (ನಿಜ/ಸುಳ್ಳು), ಒಂದು ಸ್ಟ್ರಿಂಗ್ (ಪಠ್ಯ), ಒಂದೇ ಒಂದು ಆಬ್ಜೆಕ್ಟ್ ತೆಗೆದುಕೊಳ್ಳುವ ರೂಪ. (ಅಲ್ಲಿ ಬೂಲಿಯನ್‌ಗೆ 'ಝಡ್' ಅಂತ ಬರೆದಿತ್ತು. 'ಬಿ' ಅಕ್ಷರ ಬೈಟ್‌ನ ಪಾಲಾಗಿದೆ. ನನಗೆ ಇದು ನೆನಪಿಗೆ ಬರಲು ಪ್ರತಿ ಸಲವೂ ಒಂದು ನಿಮಿಷ ಬೇಕು.) ಈ ರೂಪ ಗ್ವಾವಾದಲ್ಲಿ ಬಂದದ್ದು 20ನೇ ಆವೃತ್ತಿಯಲ್ಲಿ. ಅಂದರೆ ಸರ್ವರಿನಲ್ಲಿ ಎಲ್ಲೋ ಹಳೆಯ ಗ್ವಾವಾ ಕೂತಿದೆ.

ಸುಲಭ, ಕ್ಲಾಸ್‌ಪಾತ್ (ಜಾವಾ ಕ್ಲಾಸುಗಳನ್ನು ಹುಡುಕುವ ಜಾಗಗಳ ಪಟ್ಟಿ) ನೋಡಿದರೆ ಆಯ್ತಲ್ವಾ? 'ಜಾವಾ.ಕ್ಲಾಸ್.ಪಾತ್' ಪ್ರಾಪರ್ಟಿಯನ್ನು ಪ್ರಿಂಟ್ ಮಾಡಿಸಿದೆ. ನಮ್ಮ ಸ್ಟಾರ್ಟ್ ಸ್ಕ್ರಿಪ್ಟಿನಲ್ಲಿ ಲಿಬ್ ಫೋಲ್ಡರಿಗೆ ಸುಮ್ನೆ ಒಂದು ನಕ್ಷತ್ರ ಹಾಕಿ ಬಿಟ್ಟಿದ್ದೆವು, ಅಂದರೆ ಅದರೊಳಗಿನ ಎಲ್ಲ ಜಾರುಗಳೂ (ಕ್ಲಾಸುಗಳನ್ನು ಕಟ್ಟಿಟ್ಟ ಜಿಪ್ ಫೈಲುಗಳು) ಬೇಕು ಅಂತ. ನಮ್ಮ ಪ್ರೋಗ್ರಾಮಿನ ಮೇನ್ ಶುರುವಾಗುವ ಮುಂಚೆಯೇ ಜಾವಾ ಆ ನಕ್ಷತ್ರವನ್ನು ಬಿಡಿಸಿ ಒಂದೊಂದು ಜಾರನ್ನೂ ಬರೆದಿಟ್ಟಿರುತ್ತದೆ. ಹಾಗಾಗಿ ಪೂರ್ತಿ ಪಟ್ಟಿ ಸಿಕ್ಕಿತು. ಅದರಲ್ಲಿ ಗ್ವಾವಾ ಒಂದೇ ಇತ್ತು, ಅದೂ ಹೊಸದು. ಎರಡು ಸಲ ಹುಡುಕಿದೆ. ಪಕ್ಕದ ಸೀಟಿನವರನ್ನು ಕರೆದು ಅವರ ಕಣ್ಣಿಂದಲೂ ಹುಡುಕಿಸಿದೆ.

ಆಮೇಲೆ ನನ್ನ ಹಳೆಯ ನೋಟ್ಸಿನಿಂದ ಕ್ಲಾಸ್‌ಲೋಡರನ್ನು (ಕ್ಲಾಸುಗಳನ್ನು ಹುಡುಕಿ ತರುವ ಭಾಗ) ಯುಆರ್‌ಎಲ್‌ಕ್ಲಾಸ್‌ಲೋಡರ್ ಆಗಿ ಕ್ಯಾಸ್ಟ್ ಮಾಡಿ (ಅದೇ ಬಗೆಯದು ಅಂತ ಹೇಳಿ) ಪಟ್ಟಿ ತೆಗೆಯುವ ನಾಲ್ಕು ಸಾಲು ಅಂಟಿಸಿದೆ. ಅದು ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಷನ್ ಕೊಟ್ಟು ಕೈತೊಳೆದುಕೊಂಡಿತು. 2017ರಲ್ಲಿ ಜಾವಾ 9 ಬಂದಾಗಿನಿಂದ ಆ ದಾರಿ ಮುಚ್ಚಿದೆ, ನಾವು ಇರುವುದು 11ರಲ್ಲಿ.

ಅಷ್ಟು ಹೊತ್ತಿಗೆ ಹೊಳೆದದ್ದು ಇಷ್ಟು: ಬಾಗಿಲ ಮೇಲಿನ ಹೆಸರು ಓದಿ ಒಳಗೆ ಯಾರಿದ್ದಾರೆ ಅಂತ ಊಹಿಸುತ್ತಾ ಕೂತಿದ್ದೇನೆ. ಒಳಗಿರುವವರನ್ನೇ ಕೇಳಬಹುದಲ್ಲ! ಪ್ರತಿ ಕ್ಲಾಸಿಗೂ ಒಂದು ಪ್ರೊಟೆಕ್ಷನ್‌ಡೊಮೈನ್ ಇರುತ್ತದೆ, ಅದರೊಳಗೆ ಕೋಡ್‌ಸೋರ್ಸ್, ಅದರೊಳಗೆ ಲೊಕೇಷನ್, ಅಂದರೆ ಕ್ಲಾಸ್ ಎಲ್ಲಿಂದ ಬಂತು ಅನ್ನುವುದು. ಒಂದೇ ಸಾಲಿನ ಕೋಡ್. ಮೊದಲು ಸ್ಟ್ರಿಂಗ್ ಕ್ಲಾಸಿನ ಮೇಲೆ ಪ್ರಯೋಗ ಮಾಡಿ ನಲ್‌ಪಾಯಿಂಟರ್ ಎರರ್ ತಿಂದೆ, ಏಕೆಂದರೆ ಜಾವಾದ ಬೂಟ್‌ಸ್ಟ್ರ್ಯಾಪ್ (ಜಾವಾದ ಜೊತೆಗೇ ಬರುವ ಮೂಲ) ಕ್ಲಾಸುಗಳಿಗೆ ಕೋಡ್‌ಸೋರ್ಸ್ ನಲ್, ಅಂದರೆ ಖಾಲಿ, ಆಗಿರುತ್ತದೆ. ಆಮೇಲೆ ಪ್ರಿಕಂಡಿಷನ್ಸನ್ನು ಕೇಳಿದೆ: ಎಲ್ಲಿಂದ ಬಂದೆಯಪ್ಪಾ?

ಉತ್ತರದಲ್ಲಿ ಗ್ವಾವಾ ಅನ್ನುವ ಹೆಸರೇ ಇರಲಿಲ್ಲ. ಬಂದದ್ದು ರಿಪೋರ್ಟ್ ತಯಾರಿಸುವ, ಹೊರಗಿನವರು ಕೊಟ್ಟ ಒಂದು ದಪ್ಪ ಜಾರಿನಿಂದ. ಅನ್‌ಜಿಪ್ ಮಾಡಿ ನೋಡಿದರೆ, ಹೊಟ್ಟೆಯೊಳಗೆ ಹಳೆಯ ಗ್ವಾವಾ ಇಡಿಯಾಗಿ ಕೂತಿದೆ. ಪ್ಯಾಕೇಜ್ ಹೆಸರನ್ನೂ (ಕ್ಲಾಸಿನ ಹೆಸರಿಗೆ ಮುಂದೆ ಸೇರುವ ಮನೆತನದ ಹೆಸರು) ಬದಲಿಸಿರಲಿಲ್ಲ, ಹಾಗಾಗಿ ಜಾವಾದ ಕಣ್ಣಿಗೆ ಹಳೆಯದೂ ಹೊಸದೂ ಒಂದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.

ಕ್ಲಾಸ್‌ಲೋಡರಿನ ಗೆಟ್‌ರಿಸೋರ್ಸಸ್‌ಗೆ ಆ ಕ್ಲಾಸ್ ಫೈಲಿನ ದಾರಿ ಕೊಟ್ಟಾಗ ಎರಡೂ ಪ್ರತಿಗಳು ಸಾಲಾಗಿ ಬಂದವು, ದಪ್ಪ ಜಾರ್ ಮೊದಲು. ಮೊದಲು ಸಿಕ್ಕಿದ್ದೇ ಲೋಡ್ ಆಗುವುದು. ನನ್ನ ಲ್ಯಾಪ್‌ಟಾಪಿನಲ್ಲಿ ಇದೇ ಸಾಲು ತಿರುಗುಮುರುಗು. ನಕ್ಷತ್ರ ಹಾಕಿದರೆ ಜಾರುಗಳು ಯಾವ ಕ್ರಮದಲ್ಲಿ ಬರುತ್ತವೆ ಅನ್ನುವುದಕ್ಕೆ ಜಾವಾ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅದೇ ಮೆಷಿನ್ನಿನಲ್ಲೇ ಇವತ್ತೊಂದು, ನಾಳೆಯೊಂದು ಆಗಬಹುದು. ಇಷ್ಟು ದಿನ ನಡೆದದ್ದೇ ಪುಣ್ಯ.

ಮೇವನ್‌ನಲ್ಲಿ (ಲೈಬ್ರರಿಗಳನ್ನು ತಂದು ಜೋಡಿಸುವ ಸಾಧನ) ಎಕ್ಸ್‌ಕ್ಲೂಷನ್, ಅಂದರೆ ಇಂಥ ಲೈಬ್ರರಿ ಬೇಡ ಅನ್ನುವ ಸಾಲು, ಹಾಕಿ ಪ್ರಯೋಜನವಿಲ್ಲ, ಹೊಟ್ಟೆಯೊಳಗಿನದನ್ನು ಅದು ಮುಟ್ಟುವುದಿಲ್ಲ. ಸದ್ಯಕ್ಕೆ ಸ್ಕ್ರಿಪ್ಟಿನಲ್ಲಿ ಗ್ವಾವಾವನ್ನು ನಕ್ಷತ್ರಕ್ಕಿಂತ ಮೊದಲು ಹೆಸರಿಟ್ಟು ಬರೆದೆವು. ಚೆನ್ನಾಗಿಲ್ಲ, ಗೊತ್ತು. ಪ್ರೋಗ್ರಾಂ ಶುರುವಾಗುವಾಗ ನಾಲ್ಕೈದು ಮುಖ್ಯ ಕ್ಲಾಸುಗಳ ಲೊಕೇಷನ್ ಲಾಗ್‌ಗೆ ಹೋಗುವಂತೆಯೂ ಮಾಡಿದ್ದೇವೆ. ಕೋಡ್ ಮುಟ್ಟಲು ಬಿಡದ ಕಡೆ, ಸ್ಟಾರ್ಟ್ ಮಾಡುವಾಗ ಎಕ್ಸ್‌ಲಾಗ್ ಆಯ್ಕೆಯಲ್ಲಿ 'ಕ್ಲಾಸ್+ಲೋಡ್' ಹಾಕುತ್ತೇನೆ. ಪ್ರತಿ ಕ್ಲಾಸಿನ ಮುಂದೆ 'ಸೋರ್ಸ್' ಅಂತ ಅದರ ಊರು ಬರುತ್ತದೆ. ಸಾಲುಗಳು ಸಾವಿರಗಟ್ಟಲೆ, ಗ್ರೆಪ್ (ಬೇಕಾದ ಸಾಲುಗಳನ್ನಷ್ಟೇ ಹೆಕ್ಕುವ ಕಮಾಂಡ್) ಇಲ್ಲದೆ ಹತ್ತಿರ ಹೋಗಬೇಡಿ.

ದಪ್ಪ ಜಾರ್ ಇನ್ನೂ ಅಲ್ಲೇ ಇದೆ. ಅದಿಲ್ಲದೆ ತಿಂಗಳ ಕೊನೆಯ ರಿಪೋರ್ಟ್ ಬರುವುದಿಲ್ಲ.