ಹಿತ್ತಲ ಬಾಗಿಲಿಗೊಂದು ಬೆಕ್ಕಿನ ಕಿಂಡಿ

ಬೆಕ್ಕು ಸಾಕಿದ ಮನೆಯಲ್ಲಿ ಯಾರಾದರೂ ಒಬ್ಬರಿಗೆ ವಾಚ್‌ಮನ್ ಕೆಲಸ ಖಾಯಂ. ನಮ್ಮನೆಯಲ್ಲಿ ಅದು ನನ್ನ ಪಾಲಿಗೆ ಬಂದಿತ್ತು. ಒಳಗಿದ್ದರೆ ಹೊರಗೆ ಹೋಗಬೇಕು, ಹೊರಗೆ ಬಿಟ್ಟರೆ ಕೂಡಲೇ ಒಳಗೆ ಬರಬೇಕು, ಬಾಗಿಲು ತೆಗೆದು ನಿಂತರೆ ಹೊಸ್ತಿಲ ಮೇಲೆ ಕೂತು ಹೋಗೋದೋ ಬೇಡವೋ ಅಂತ ಯೋಚನೆ ಮಾಡಬೇಕು. ಅಷ್ಟರಲ್ಲಿ ವಿದ್ಯಾನಗರದ ಅರ್ಧ ಸೊಳ್ಳೆ ಅಡುಗೆಮನೆಯಲ್ಲಿ. ಬೆಳಗಿನ ಜಾವದ ಕಥೆ ಬೇರೆಯೇ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಬೆಕ್ಕಿಗೆ ಚುರುಕು ಜಾಸ್ತಿ, ಅದು ಅದರ ಸ್ವಭಾವ. ನಮಗೆ ಆ ಹೊತ್ತಿಗೆ ಸವಿನಿದ್ದೆ, ಅದು ನಮ್ಮ ಸ್ವಭಾವ.

ಹಾಗಾಗಿ ಹಿತ್ತಲ ಬಾಗಿಲಿಗೆ ಕಿಂಡಿ ಹಾಕಿಸಿದೆವು. ಇಂಗ್ಲಿಷಿನಲ್ಲಿ ಕ್ಯಾಟ್ ಫ್ಲಾಪ್ ಅಂತಾರೆ, ಬಾಗಿಲಲ್ಲೇ ಒಂದು ಪುಟ್ಟ ಬಾಗಿಲು, ಮೇಲಿನಿಂದ ನೇತಾಡುವ ಪ್ಲಾಸ್ಟಿಕ್ ಹಲಗೆ, ಬೆಕ್ಕು ತಲೆಯಿಂದ ದೂಡಿಕೊಂಡು ಬರುತ್ತೆ, ಹೋಗುತ್ತೆ. ಓಣಿಯಲ್ಲಿ ಕೆಲವರು ಬಂದು ನೋಡಿಕೊಂಡು ಹೋದರು, ಫೋನಿನಲ್ಲೂ ಕೇಳಿದರು, ಅದಕ್ಕೇ ಇಲ್ಲಿ ಬರೆದುಬಿಡುತ್ತಿದ್ದೇನೆ.

ಮೊದಲು ಒಂದು ಮಾತು. ಇಂಟರ್‌ನೆಟ್‌ನಲ್ಲಿ ಇದರ ಬಗ್ಗೆ ಸಿಗುವುದೆಲ್ಲ ಹೆಚ್ಚುಕಮ್ಮಿ ಇಂಗ್ಲೆಂಡ್ ಮನೆಗಳ ಲೆಕ್ಕ. ಅವರಿಗೆ ಚಳಿಗಾಳಿ ಒಳಗೆ ನುಗ್ಗಬಾರದು, ಅದು ದೊಡ್ಡ ಚಿಂತೆ. ನಮಗೆ ಅದು ಚಿಂತೆಯೇ ಅಲ್ಲ. ದಾವಣಗೆರೆಯ ಏಪ್ರಿಲ್‌ನಲ್ಲಿ ಎಲ್ಲಿಂದಾದರೂ ಒಂದಿಷ್ಟು ಗಾಳಿ ಬಂದರೆ ಪುಣ್ಯ. ನಮ್ಮ ಪ್ರಶ್ನೆ ಬೇರೆ: ನಮ್ಮ ಬೆಕ್ಕು ಹೇಗೆ ಬರುತ್ತೆ ಅನ್ನೋದಲ್ಲ, ಅದರ ಹಿಂದೆ ಯಾರ್ಯಾರು ಬರಬಾರದು ಅನ್ನೋದು. ಪಕ್ಕದ ಬೀದಿಯ ಮಾಳ ಬೆಕ್ಕು, ಚರಂಡಿಯ ಹೆಗ್ಗಣ, ಖಾಲಿ ಸೈಟಿನ ಹಾವು, ಸೊಳ್ಳೆ, ಕಳ್ಳ. ಈ ಪಟ್ಟಿ ಮುಂದಿಟ್ಟುಕೊಂಡರೆ ಯಾವ ಕಿಂಡಿ, ಎಲ್ಲಿ, ಎಷ್ಟು ಎತ್ತರಕ್ಕೆ ಅನ್ನೋದು ತಾನಾಗಿ ತೀರ್ಮಾನ ಆಗುತ್ತೆ.

ಹಾಗಂತ ಇದು ಹೊಸ ಸಂಗತಿ ಏನಲ್ಲ. ಇಂಗ್ಲೆಂಡಿನ ಎಕ್ಸಿಟರ್ ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚಿನಲ್ಲಿ ಗಡಿಯಾರದ ಕೆಳಗಿನ ಬಾಗಿಲಿಗೆ ಬೆಕ್ಕಿಗಾಗಿಯೇ ಕೊರೆದ ದುಂಡು ತೂತು ಇವತ್ತಿಗೂ ಇದೆ, ಸುಮಾರು 400 ವರ್ಷ ಹಳೆಯದು. ಇಲಿ ಹಿಡಿಯುವ ಬೆಕ್ಕಿನ ಖರ್ಚಿಗೆ ಅಂತ ಅಲ್ಲಿ ದುಡ್ಡೂ ಕೊಡುತ್ತಿದ್ದರಂತೆ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಕಡೆ ತೂತು ಕೊರೆಯುವ ಪ್ರಮೇಯವೇ ಇರಲಿಲ್ಲ. ಮಾಳಿಗೆ ಮನೆಗಳಲ್ಲಿ ಗವಾಕ್ಷಿ ಇತ್ತು, ಬೆಕ್ಕು ಮಾಳಿಗೆ ಮೇಲಿಂದ ಇಳಿದು ಬರುತ್ತಿತ್ತು. ಹಗೇವು ತುಂಬ ಜೋಳ ಇದ್ದ ಕಾಲದಲ್ಲಿ ಬೆಕ್ಕಿಗೆ ಬಾಗಿಲು ಹಾಕುವಷ್ಟು ದಡ್ಡರು ಯಾರಿದ್ದರು? ಆರ್‌ಸಿಸಿ ಬಂತು, ಕಿಟಕಿಗೆ ಸೊಳ್ಳೆ ಮೆಶ್ ಬಂತು, ಬೆಕ್ಕಿನ ದಾರಿ ಬಂದಾಯಿತು.

ಇನ್ನು ಕಿಂಡಿಗಳ ಜಾತಿ. ಸಾದಾ ಕಿಂಡಿ ಎರಡೂ ಕಡೆ ತೆರೆಯುತ್ತೆ, ಪಕ್ಕದಲ್ಲಿ ಒಂದು ತಿರುವು ಗುಂಡಿ ಇರುತ್ತೆ. ಅದನ್ನು ತಿರುಗಿಸಿದರೆ ನಾಲ್ಕು ಬಗೆ: ಬರಬಹುದು ಹೋಗಬಹುದು, ಬರಬಹುದು ಆದರೆ ಹೋಗುವಂತಿಲ್ಲ, ಹೋಗಬಹುದು ಬರುವಂತಿಲ್ಲ, ಪೂರ್ತಿ ಬಂದ್. ಎರಡನೆಯದು ಬಹಳ ಉಪಯೋಗ. ಸಂಜೆ ಅದಕ್ಕೆ ಇಟ್ಟರೆ ಊಟಕ್ಕೆ ಬಂದ ಬೆಕ್ಕು ರಾತ್ರಿ ಒಳಗೇ ಉಳಿಯುತ್ತೆ.

ಅದರ ಮೇಲಿನದು ಅಯಸ್ಕಾಂತದ್ದು. ಬೆಕ್ಕಿನ ಕೊರಳಪಟ್ಟಿಯಲ್ಲಿ ಒಂದು ಅಯಸ್ಕಾಂತ ಇದ್ದರೆ ಮಾತ್ರ ಕೊಂಡಿ ಬಿಡುತ್ತೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನಮ್ಮ ಎರಡು ಬೆಕ್ಕು, ಕರಿಯ ಮತ್ತು ಪುಟ್ಟಿ, ಇವರಲ್ಲಿ ಕರಿಯ ಅಂತೂ ಕೊರಳಪಟ್ಟಿ ಉಳಿಸಿಕೊಳ್ಳುವ ಪೈಕಿ ಅಲ್ಲ. ಬಿಗಿಯಾಗಿ ಕಟ್ಟಿದರೆ ಗಿಡಕ್ಕೋ ಗ್ರಿಲ್ಲಿಗೋ ಸಿಕ್ಕಿಹಾಕಿಕೊಂಡು ಕುತ್ತಿಗೆಗೇ ಅಪಾಯ, ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿ ಹಾಕಿದರೆ ಪಟ್ಟಿ ಎಲ್ಲೋ, ಬೆಕ್ಕು ಎಲ್ಲೋ. ಪಟ್ಟಿ ಹೋದ ದಿನ ಬೆಕ್ಕಿಗೆ ಮನೆಯೇ ಬಂದ್. ಜೊತೆಗೆ ಅಂಗಳದ ಮೊಳೆ, ಪಿನ್ನು ಎಲ್ಲ ಅಯಸ್ಕಾಂತಕ್ಕೆ ಅಂಟಿಕೊಂಡು ಬರುತ್ತವೆ. ಇದು ನನಗೆ ಇಷ್ಟ ಆಗಲಿಲ್ಲ.

ಎಲ್ಲಕ್ಕಿಂತ ಜಾಣ ಕಿಂಡಿ ಮೈಕ್ರೋಚಿಪ್‌ನದು. ಅಕ್ಕಿಕಾಳಿನ ಗಾತ್ರದ ಚಿಪ್ಪನ್ನು ಪಶುವೈದ್ಯರು ಬೆಕ್ಕಿನ ಹೆಗಲುಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಬರೀ 15 ಅಂಕಿಯ ಒಂದು ನಂಬರ್. ಬೆಕ್ಕು ಕಿಂಡಿಗೆ ತಲೆ ಹಾಕಿದಾಗ ಚೌಕಟ್ಟಿನಲ್ಲಿರುವ ರೀಡರ್ ಆ ನಂಬರ್ ಓದಿ, ನಮ್ಮದೇ ಅಂತ ಖಾತ್ರಿಯಾದರೆ ಕೊಂಡಿ ಬಿಡುತ್ತೆ. ಪಕ್ಕದ ಬೀದಿಯ ಬೆಕ್ಕು ಎಷ್ಟು ತಲೆ ಚಚ್ಚಿಕೊಂಡರೂ ಇಲ್ಲ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕಿದ ಬೆಕ್ಕಿಗೆ ಚಿಪ್ ಹಾಕಿಸುವುದು ಕಾನೂನೇ ಆಗಿದೆ, ಹಾಗಾಗಿ ಅವರಿಗೆ ಇಂಥ ಕಿಂಡಿ ಸಲೀಸು. ಇಲ್ಲಿ ಮೊದಲು ಚಿಪ್ ಹಾಕಿಸಬೇಕು, ಆಮೇಲೆ ಕಿಂಡಿಯನ್ನು ಹೊರದೇಶದಿಂದ ತರಿಸಬೇಕು, ಆ ದುಡ್ಡಿನಲ್ಲಿ ಒಂದು ಒಳ್ಳೆಯ ಬಾಗಿಲೇ ಬರುತ್ತೆ. ಇನ್ನೂ ಎರಡು ಸಂಗತಿ. ಸುತ್ತ ಕಬ್ಬಿಣ ಇದ್ದರೆ ರೀಡರ್‌ಗೆ ಸರಿಯಾಗಿ ಓದಲಿಕ್ಕೆ ಆಗುವುದಿಲ್ಲ, ಅಂದರೆ ನಮ್ಮ ಕಡೆ ಬಹಳ ಮನೆಗಳಲ್ಲಿರುವ ಕಬ್ಬಿಣದ ಬಾಗಿಲಿಗೆ ಇದು ಹೊಂದುವುದಿಲ್ಲ. ಮತ್ತೆ ಶ್ಯೂರ್‌ಫ್ಲಾಪ್ ಕಂಪನಿಯ ಸಾದಾ ಮೈಕ್ರೋಚಿಪ್ ಕಿಂಡಿಯ ಬಾಯಿ 142 ಮಿಲಿಮೀಟರ್ ಅಗಲ, 120 ಮಿಲಿಮೀಟರ್ ಎತ್ತರ. ಬಡಕಲು ಬೆಕ್ಕಿಗೆ ಧಾರಾಳ. ಬೆಣ್ಣೆ ಊರಿನ ಬೆಕ್ಕನ್ನು ಮಾತ್ರ ಒಮ್ಮೆ ಅಳೆದು ನೋಡಿ.

ಅಳೆಯೋದು ಸುಲಭ. ಬೆಕ್ಕಿನ ಮೈಯಲ್ಲಿ ಎಲ್ಲಿ ಅಗಲ ಜಾಸ್ತಿಯೋ ಅಲ್ಲಿ ಟೇಪ್ ಹಿಡಿಯಿರಿ. ಹೆಗಲಿರಬಹುದು, ಹೊಟ್ಟೆ ಇರಬಹುದು. ಬೆಕ್ಕಿನ ಕೊರಳೆಲುಬು ನಮ್ಮ ಹಾಗೆ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ, ಅದಕ್ಕೇ ತಲೆ ಹೋದಲ್ಲಿ ಹೆಗಲೂ ಹೋಗುತ್ತೆ. ಆದರೆ ಹೊಟ್ಟೆಗೆ ಆ ಸೌಕರ್ಯ ಇಲ್ಲ. ಮರಿ ಇದ್ದರೆ ದೊಡ್ಡದಾದ ಮೇಲಿನ ಅಳತೆ ಲೆಕ್ಕಕ್ಕೆ ಹಿಡಿಯಿರಿ.

ನಾವು ತಂದಿದ್ದು ನಾಲ್ಕು ಬಗೆಯ ಸಾದಾ ಕಿಂಡಿ, ಪಾರದರ್ಶಕ ಹಲಗೆಯದು. ಬೆಕ್ಕಿಗೆ ಆಚೆ ಏನಿದೆ ಅಂತ ಕಾಣಬೇಕು, ಇಲ್ಲದಿದ್ದರೆ ತಲೆ ಹಾಕುವುದಿಲ್ಲ. ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದಾಗ ಅಂಗಡಿಯವರು ಎಕ್ಸಾಸ್ಟ್ ಫ್ಯಾನಿನ ಮುಚ್ಚಳ ತೋರಿಸಿದರು! ಕೊನೆಗೆ ಆನ್‌ಲೈನ್‌ನಲ್ಲೇ ತರಿಸಿದೆವು. ಕೊಳ್ಳುವಾಗ ಹಲಗೆಯ ಸುತ್ತ ಬ್ರಷ್‌ನಂಥ ಕುಚ್ಚು ಇದೆಯೇ, ಕೆಳಗೆ ತೆಳು ಅಯಸ್ಕಾಂತದ ಪಟ್ಟಿ ಇದೆಯೇ ನೋಡಿ. ಗಾಳಿಗೆ ಪಟಪಟ ಬಡಿದುಕೊಳ್ಳುವುದನ್ನು ಆ ಪಟ್ಟಿ ತಡೆಯುತ್ತೆ, ಸೊಳ್ಳೆಗೆ ಸಂದು ಸಿಗದ ಹಾಗೆ ಕುಚ್ಚು ನೋಡಿಕೊಳ್ಳುತ್ತೆ.

ಎಲ್ಲಿ ಹಾಕೋದು ಅನ್ನೋದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮವರು ಮುಂಬಾಗಿಲು ಅಂದರು. ಅತ್ತೆ ಒಂದೇ ಮಾತಿಗೆ ಮುಗಿಸಿದರು: "ದಿನಾ ಅರಿಶಿನ ಕುಂಕುಮ ಹಚ್ಚೋ ಬಾಗಿಲಿಗೆ ತೂತು ಹಾಕ್ತೀರೇನು? ಹಿತ್ತಲ ಕಡೆ ಏನಾರ ಮಾಡ್ಕೋರಿ." ಅತ್ತೆಯ ಕಾರಣ ಏನೇ ಇರಲಿ, ತೀರ್ಮಾನ ಸರಿಯೇ. ಮುಂಬಾಗಿಲಿನ ಸಾಗುವಾನಿ ಕೊರೆದರೆ ಮತ್ತೆ ಸರಿಮಾಡಲಿಕ್ಕೆ ಆಗುವುದಿಲ್ಲ, ಮತ್ತೆ ಬೀದಿ ಕಡೆ ಬೆಕ್ಕು ನೇರವಾಗಿ ಬೈಕಿನ ಗಾಲಿಗೇ ಇಳಿಯುತ್ತೆ.

ಕಿಟಕಿ ಆಗಬಹುದಿತ್ತು. ಮೆಶ್‌ಗೆ ಅಂತಲೇ ಹಗುರವಾದ ಕಿಂಡಿಗಳು ಸಿಗುತ್ತವೆ, ಮೆಶ್ ಕತ್ತರಿಸಿ ಎರಡೂ ಕಡೆಯಿಂದ ಚೌಕಟ್ಟು ಒತ್ತಿದರೆ ಆಯಿತು, ಬಡಗಿಯೇ ಬೇಡ. ಬಾಡಿಗೆ ಮನೆಯವರಿಗೆ ನಾನು ಇದನ್ನೇ ಹೇಳೋದು, ಬಿಟ್ಟು ಹೋಗುವಾಗ ಒಂದು ಮೆಶ್ ಬದಲಾಯಿಸಿಕೊಟ್ಟರೆ ಓನರ್ ಜೊತೆ ಜಗಳ ಇಲ್ಲ. ನಮ್ಮ ಅಡುಗೆಮನೆ ಕಿಟಕಿ ಗ್ಯಾಸ್ ಒಲೆಯ ಮೇಲೆಯೇ ಇದೆ, ಹಾಗಾಗಿ ಅದು ಬೇಡವಾಯಿತು. ಗೋಡೆ ಕೊರೆದೂ ಹಾಕಬಹುದು. ಆದರೆ ಒಂಬತ್ತು ಇಂಚಿನ ಗೋಡೆಗೆ ನಡುವೆ ಸುರಂಗದ ಹಾಗೆ ಜೋಡಣೆ ಬೇಕು, ಮಳೆ ನೀರು ಒಳಗೆ ಹರಿಯದಂತೆ ಇಳಿಜಾರು ಬೇಕು, ವೈರು ಪೈಪು ಎಲ್ಲಿ ಹೋಗಿದೆ ಗೊತ್ತಿರಬೇಕು. ಮನೆ ಕಟ್ಟಿಸುತ್ತಿರುವವರು ಮಾತ್ರ ಇದನ್ನು ಯೋಚಿಸಿ.

ಉಳಿದದ್ದು ಹಿತ್ತಲ ಬಾಗಿಲು. ಬಡಗಿಯವರು ಬಂದವರೇ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿ ನೋಡಿದರು. ಬಚ್ಚಲಮನೆಯ ಪಿವಿಸಿ ಬಾಗಿಲನ್ನೂ ತಟ್ಟಿ, "ಇದು ಪೊಳ್ಳು ಐತಿ ನೋಡ್ರಿ ಮೇಡಂ, ಇದ್ಕೆ ಸ್ಕ್ರೂ ಹಿಡಿಯಂಗಿಲ್ಲ. ಹಿತ್ತಲದ್ದು ಗಟ್ಟಿ ಐತಿ, ಆರಾಮಾಗಿ ಕೂರ್ತತಿ" ಅಂದರು. ನಿಮ್ಮ ಬಾಗಿಲು ಪೊಳ್ಳಾಗಿದ್ದರೆ ಕೊರೆದ ಜಾಗದಲ್ಲಿ ಒಳಗೆ ಸುತ್ತಲೂ ಮರದ ಪಟ್ಟಿ ತುಂಬಿಸಿ ಆಮೇಲೆ ಕೂರಿಸಬೇಕು.

ಎತ್ತರದ ವಿಷಯದಲ್ಲಿ ತಾಳ್ಮೆ ಇರಲಿ. ಕಿಂಡಿಯ ಕೆಳ ಅಂಚು ನಿಂತ ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ ಬರಬೇಕು, ನೆಲದಿಂದ ಸುಮಾರು 10ರಿಂದ 15 ಸೆಂಟಿಮೀಟರ್. ನಮ್ಮ ಹಿತ್ತಲು ಒಳಗಿನ ನೆಲಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ, ಇದು ಇಲ್ಲಿ ಬಹಳ ಮನೆಗಳ ಕಥೆ. ಒಳಗಿನ ಲೆಕ್ಕದಲ್ಲಿ ಸರಿ ಇದ್ದದ್ದು ಹೊರಗಿನಿಂದ ಬರುವ ಬೆಕ್ಕಿಗೆ ಗೋಡೆ ಹತ್ತಿದ ಹಾಗೆ. ಹೊರಗೆ ಒಂದು ಗ್ರಾನೈಟ್ ತುಂಡು ಇಟ್ಟು ಸರಿಮಾಡಿದೆವು.

ಕಳ್ಳನ ವಿಷಯಕ್ಕೆ ಬರೋಣ. ಕಿಂಡಿಯಲ್ಲಿ ಮನುಷ್ಯ ತೂರಲಾರ, ಕೈ ತೂರುತ್ತೆ. ನಮ್ಮ ಬಾಗಿಲುಗಳಲ್ಲಿ ಕೆಳಗೂ ಒಂದು ಚಿಲಕ ಇರುತ್ತದಲ್ವಾ, ಅದು ಕೈಗೆ ಎಟುಕುತ್ತೆ. ಆದ್ದರಿಂದ ಕಿಂಡಿಯನ್ನು ಚಿಲಕದ ಬದಿಗೆ ಹಾಕಿಸಬೇಡಿ, ಕೀಲಿನ ಬದಿಗೆ ಸರಿಸಿ, ಕೆಳಗಿನ ಚಿಲಕವನ್ನು ನಂಬದೆ ಮೇಲಿನದನ್ನೇ ಹಾಕಿ. ಬೀಗದಲ್ಲೇ ಕೀ ಬಿಡುವ ಅಭ್ಯಾಸ ಇದ್ದರೆ ನಿಲ್ಲಿಸಿ. ಬಾಗಿಲ ಹೊರಗೆ ಗ್ರಿಲ್ ಗೇಟ್ ಇದ್ದರೆ ಇನ್ನೂ ನಿಶ್ಚಿಂತೆ, ಬೆಕ್ಕು ಸರಳುಗಳ ಮಧ್ಯೆ ನುಸುಳುತ್ತೆ.

ಕೊರೆಯುವ ಕೆಲಸ ಬೇಗ ಮುಗಿಯಿತು. ಡಬ್ಬದಲ್ಲಿ ಬರುವ ಕಾಗದದ ಅಳತೆಯನ್ನು ಬಾಗಿಲಿಗೆ ಅಂಟಿಸಿ, ನಾಲ್ಕು ಮೂಲೆಗೆ ಡ್ರಿಲ್ ಮಾಡಿ, ಜಿಗ್‌ಸಾ ಯಂತ್ರದಿಂದ ಕೊಯ್ದರು. ಲ್ಯಾಮಿನೇಟ್ ಚಕ್ಕೆ ಏಳದಿರಲಿ ಅಂತ ಗೆರೆಯ ಮೇಲೆ ಟೇಪ್ ಹಚ್ಚಿದ್ದರು. ಬಡಗಿಯವರು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು, ಕೊಯ್ದ ಅಂಚಿಗೆ ಬಣ್ಣ ಬಳಿಯದೆ ಚೌಕಟ್ಟು ಕೂರಿಸಬಾರದು ಅನ್ನೋದು. ಹಸಿ ಪ್ಲೈವುಡ್ ಮಳೆ ನೀರು ಕುಡಿದು ಉಬ್ಬುತ್ತೆ, ಕಿಂಡಿ ಸಿಕ್ಕಿಕೊಳ್ಳುತ್ತೆ. ಇನ್ನೊಂದು, ಸ್ಕ್ರೂ ತೀರಾ ಬಿಗಿ ಮಾಡಬಾರದು. ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ಹಲಗೆ ಉಜ್ಜಲಿಕ್ಕೆ ಶುರು ಆಗುತ್ತೆ. ಹೊರಗಡೆ ಸುತ್ತ ಸಿಲಿಕಾನ್ ಹಚ್ಚಿದರೆ ಮುಗಿಯಿತು.

ಆಮೇಲೆ ಬೆಕ್ಕಿಗೆ ಕಲಿಸೋದು. ದಯವಿಟ್ಟು ಹಿಡಿದು ತೂರಿಸಬೇಡಿ. ಒಮ್ಮೆ ಹೆದರಿದರೆ ಆ ಕಡೆ ಮುಖ ಹಾಕೋದಿಲ್ಲ. ಹಲಗೆಯನ್ನು ಪೂರ್ತಿ ಮೇಲೆತ್ತಿ ಟೇಪ್ ಹಚ್ಚಿಬಿಡಿ. ಒಂದಷ್ಟು ದಿನ ಬರೀ ತೂತಿನ ಹಾಗೆ ಇರಲಿ, ಆಚೆ ಕಡೆ ಮೀನಿನ ತಟ್ಟೆ ಇರಲಿ. ಆಮೇಲೆ ಅರ್ಧ ಇಳಿಸಿ, ಆಮೇಲೆ ಪೂರ್ತಿ. ಪುಟ್ಟಿ ತಾನೇ ಕಾಲಿನಿಂದ ತಟ್ಟಿ ಕಲಿತಳು. ಕರಿಯ ಮಹಾರಾಜ, ಪುಟ್ಟಿ ಹೋಗುವಾಗ ಬಾಲಕ್ಕೆ ಅಂಟಿಕೊಂಡು ಹೋಗುತ್ತಿದ್ದ. ಒಬ್ಬನೇ ಹೋಗಲಿಕ್ಕೆ ಬಹಳ ಕಾಲ ತೆಗೆದುಕೊಂಡ.

ಮಾಳ ಬೆಕ್ಕಿನ ಕಾಟ ಸಾದಾ ಕಿಂಡಿಯಿಂದ ಪೂರ್ತಿ ತಪ್ಪುವುದಿಲ್ಲ, ಇದನ್ನು ಮುಚ್ಚಿಡೋದು ಬೇಡ. ನಮ್ಮ ಎರಡಕ್ಕೂ ಸಂತಾನಹರಣ ಆಪರೇಷನ್ ಮಾಡಿಸಿದ್ದೇವೆ, ಊಟದ ತಟ್ಟೆಯನ್ನು ಕಿಂಡಿಯಿಂದ ದೂರ ಸರಿಸಿದ್ದೇವೆ, ರಾತ್ರಿ ಪೂರ್ತಿ ಬಂದ್ ಮಾಡುತ್ತೇವೆ. ಹಾವಿಗೂ ಅದೇ ಉತ್ತರ. ಹಗುರ ಹಲಗೆ ಹಾವನ್ನೋ ಹೆಗ್ಗಣವನ್ನೋ ತಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕೊಂಡಿ ಹಾಕಿದರೇ ತಡೆ. ರಾತ್ರಿ ಒಳಗೆ ಇರುವ ಬೆಕ್ಕಿಗೆ ಮರಳಿನ ಡಬ್ಬಿ ಇಡಿ. ಹೊರಗೆ ತಿರುಗುವ ಬೆಕ್ಕಿಗೆ ರೇಬಿಸ್ ಲಸಿಕೆ ತಪ್ಪಿಸಬೇಡಿ, ರೇಬಿಸ್ ನಾಯಿಗೆ ಮಾತ್ರ ಬರುವ ರೋಗ ಅಲ್ಲ. ದೀಪಾವಳಿಯ ಪಟಾಕಿ ದಿನಗಳಲ್ಲಿ ಸಂಜೆಗೆ ಮೊದಲೇ ಒಳಗೆ ಕರೆದು ಬಂದ್ ಮಾಡಿ.

ಇನ್ನು ಬೆಕ್ಕು ಬಾಯಲ್ಲಿ ಏನು ಹಿಡಿದು ತರುತ್ತೆ ಅನ್ನೋದಕ್ಕೆ ಯಾವ ಕಂಪನಿಯ ಸಾದಾ ಕಿಂಡಿಯಲ್ಲೂ ಔಷಧ ಇಲ್ಲ. ಅರ್ಧ ಜೀವ ಇರುವ ಇಲಿ, ಓತಿಕ್ಯಾತ, ಒಮ್ಮೆ ಯಾರದೋ ಮನೆಯ ಹುರಿದ ಮೀನು. ಯಾರ ಮನೆಯದು ಅಂತ ನಾವು ವಿಚಾರಿಸಲಿಲ್ಲ.

ಕೊನೆಯದಾಗಿ, ಕೊಯ್ದು ತೆಗೆದ ಬಾಗಿಲಿನ ತುಂಡನ್ನು ಎಸೆಯಬೇಡಿ. ಹಿಂದೆ ಅಳತೆ ಬರೆದು ಅಟ್ಟದ ಮೇಲೆ ಇಟ್ಟುಬಿಡಿ. ಮುಂದೆ ಕಿಂಡಿ ಬೇಡವಾದರೆ ಅದನ್ನೇ ಕೂರಿಸಿ, ಎರಡೂ ಕಡೆ ತೆಳು ಹಲಗೆ ಹೊಡೆದು ಬಣ್ಣ ಬಳಿಸಬಹುದು, ಹೊಸ ಬಾಗಿಲಿನ ಖರ್ಚು ಉಳಿಯುತ್ತೆ. ನಮ್ಮದನ್ನು ಅತ್ತೆ ಈಗಾಗಲೇ ಮಣೆ ಮಾಡಿಕೊಂಡಿದ್ದಾರೆ, ಕೇಳುವ ಧೈರ್ಯ ನನಗಿಲ್ಲ.