ಬೇವಿನ ಮರದ ಕೆಳಗೆ ಹಾಸಿದ ಸೀರೆ

ಬೆಳಿಗ್ಗೆ ಕಚೇರಿಗೆ ಹೊರಟಾಗ ಬೈಕಿನ ಸೀಟಿನ ತುಂಬ ಬೇವಿನ ಹೂವು. ಒರೆಸಲು ಕೈ ಎತ್ತಿದ್ದೆ.

"ತಮ್ಮಾ, ಕೊಡವಬೇಡ, ನಿಲ್ಲು" ಎಂದರು ಪಕ್ಕದ ಮನೆಯ ಅಜ್ಜಿ.

ಮರದ ಕೆಳಗೆ ಹಳೆಯ ಸೀರೆ ಹಾಸಿದ್ದರು. ಯುಗಾದಿಯ ಬೇವಿಗೆ ಮಣ್ಣು ತಾಗದ ಹೂವೇ ಆಗಬೇಕಂತೆ. ಸೀಟಿನ ಮೇಲಿದ್ದುದನ್ನು ಇಬ್ಬರೂ ಸೇರಿ ಅವರ ಸೆರಗಿಗೆ ಹಾಕಿದೆವು. ಹತ್ತು ನಿಮಿಷ ತಡವಾಯಿತು. ಆಗಲಿ.

ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿದೆ. ಬಿಳಿಯ 5 ಎಸಳು, ನಡುವೆ ಸಣ್ಣದೊಂದು ಕೊಳವೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ಇಷ್ಟು ವರ್ಷ ಇದೇ ಮರದ ನೆರಳಿನಲ್ಲಿ ಬೈಕ್ ನಿಲ್ಲಿಸಿದ್ದೇನೆ, ಹೂವನ್ನು ಮಾತ್ರ ಹೀಗೆ ನೋಡಿರಲಿಲ್ಲ. ಎಲೆ ಕಡಿದರೆ ನಾಲಿಗೆಯೆಲ್ಲ ಕಹಿ. ಹೂವಿನ ಘಮವೋ, ಜೇನಿನಂಥದ್ದು.

ಕೊಪ್ಪಳದ ಕಲ್ಲುಗುಡ್ಡಗಳು ಆಗಲೇ ಕಾಯತೊಡಗಿವೆ. ಒಂಬತ್ತು ಗಂಟೆಗೇ ಬಿಸಿಲು ಬೆನ್ನು ಸುಡುತ್ತದೆ. ನಮ್ಮ ಕಡೆ ವಸಂತ ಬಂದು ಹೋಗುವುದು ಹೀಗೆಯೇ, ಬಿಸಿಲಿನ ಸಂದಿಯಲ್ಲಿ. ಆದರೂ ರಾತ್ರಿ ಮಾಳಿಗೆಯ ಮೇಲೆ ಮಲಗಿದರೆ ಗಾಳಿಯೆಲ್ಲ ಬೇವಿನ ಹೂವೇ.

ಸಂಜೆ ಬಂದಾಗ ಸೀರೆ ಇನ್ನೂ ಅಲ್ಲೇ ಇತ್ತು. ಬೈಕನ್ನು ಬೇರೆ ಕಡೆ ನಿಲ್ಲಿಸಿದೆ.