ಸೂಕಿಯ ಖಾನಾವಳಿ

ಕಲಬುರಗಿ
18 ಮೇ 2025, ಭಾನುವಾರ, ರಾತ್ರಿ 11.40

ಇವತ್ತು ಸಿಕ್ಕಿಬಿದ್ದೆ. ಒಂದು ಕಾದಂಬರಿ ಸರಣಿಯ ಕೊನೆಯ ಬಗ್ಗೆ ಹನ್ನೆರಡು ವರ್ಷದ ಹಿಂದೆ ಅವ್ವನಿಗೆ ಹೇಳಿದ್ದ ಒಂದು ಸುಳ್ಳನ್ನು ಮಧ್ಯಾಹ್ನ ಅಣ್ಣನ ಮಗಳು ಬಯಲು ಮಾಡಿಬಿಟ್ಟಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಈಕೆ ಬಿಸಿ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತಾ, ಬಾಯಿ ತುಂಬ ಇಟ್ಟುಕೊಂಡೇ ಅಂದಳು:

"ಆಯಿ, ಕೊನೀಗಿ ಸೂಕಿ ಸ್ಯಾಮನ್ ಕೂಡೇ ಉಳದಳು ನೋಡು."

ಅವ್ವನ ಕೈ ನಿಂತಿತು. "ಯಾವ ಸೂಕಿ? ನಮ್ಮ ಸೂಕಿ?"

"ಹೂಂ. ನಿನ್ನಿ ರಾತ್ರಿ ಮುಗಿಸ್ದೆ. ಹದಿಮೂರೂ."

"ಆಕಿ ಎರಿಕ್‌ನ ಕೂಡ ಹೋದಳಲ್ಲ?"

ಹುಡುಗಿ ನನ್ನ ಮುಖ ನೋಡಿದಳು. ಅವ್ವನೂ ನೋಡಿದಳು. ಹಂಚಿನ ಮೇಲಿದ್ದ ರೊಟ್ಟಿ ಕರಿಕಾಯಿತು.

ಮೊದಲಿನಿಂದ ಹೇಳಬೇಕು. 2010ರಲ್ಲಿ ನಾನು ಹೈದರಾಬಾದಿನಲ್ಲಿ ಓದುತ್ತಿದ್ದೆ. ಭಾನುವಾರ ಆಬಿಡ್ಸ್‌ನ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅವುಗಳ ಮುಂದೆ ಫುಟ್‌ಪಾತ್ ತುಂಬ ಹಳೇ ಪುಸ್ತಕ ಹರಡಿರುತ್ತಾರೆ. ಅಲ್ಲಿ ನಲವತ್ತು ರೂಪಾಯಿಗೆ ಸಿಕ್ಕಿದ್ದು ಶಾರ್ಲೀನ್ ಹ್ಯಾರಿಸ್ ಬರೆದ ಸೂಕಿ ಸ್ಟ್ಯಾಕ್‌ಹೌಸ್ ಸರಣಿಯ ಒಂದು ಪುಸ್ತಕ. ಸರಣಿ ಅಂತ ಆಗ ಗೊತ್ತಿರಲಿಲ್ಲ. ಓದಿದ ಮೇಲೆ ತಿಳಿಯಿತು, ನಾನು ಶುರು ಮಾಡಿದ್ದು ನಾಲ್ಕನೆಯದರಿಂದ.

ನಾಲ್ಕನೇ ಪುಸ್ತಕದ ಸಂಗತಿ ಹೀಗೆ. ಸೂಕಿ ಅಮೆರಿಕದ ಲೂಸಿಯಾನಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಬಡಿಸುವ ಕೆಲಸ ಮಾಡುವ ಹುಡುಗಿ. ಎದುರಿಗಿದ್ದವರ ಮನಸ್ಸಿನೊಳಗಿನ ಮಾತು ಆಕೆಗೆ ಕೇಳುತ್ತದೆ, ಬೇಡವೆಂದರೂ ಕೇಳುತ್ತದೆ. ಒಂದು ರಾತ್ರಿ ರಸ್ತೆಯಲ್ಲಿ ಅಂಗಿಯಿಲ್ಲದೆ ಓಡುತ್ತಿರುವ ಎರಿಕ್ ಸಿಗುತ್ತಾನೆ. ಸಾವಿರ ವರ್ಷದ ಹಿಂದಿನ ವೈಕಿಂಗ್, ಈಗ ವ್ಯಾಂಪೈರ್ ಅಂದರೆ ರಕ್ತಪಿಶಾಚಿ, ಶ್ರೀವ್‌ಪೋರ್ಟ್‌ನಲ್ಲಿ ಬಾರ್ ಇಟ್ಟವನು. ಮಾಟದಿಂದ ತಾನು ಯಾರೆಂಬುದೇ ಮರೆತಿದ್ದಾನೆ. ಸೂಕಿ ಅವನನ್ನು ಮನೆಯಲ್ಲಿ ಬಚ್ಚಿಡುತ್ತಾಳೆ. ದರ್ಪದ ಗಂಡಸು, ನೆನಪು ಹೋದ ಮೇಲೆ ಎಂಥಾ ಮೆತ್ತಗಿನವನು! ಕೊನೆಗೆ ಮಾಟ ಇಳಿಯುತ್ತದೆ, ಹಳೆಯದೆಲ್ಲ ನೆನಪಾಗುತ್ತದೆ, ಆ ಕೆಲವು ದಿನ ಮಾತ್ರ ಅಳಿಸಿಹೋಗುತ್ತವೆ. ಸೂಕಿಗೊಬ್ಬಳಿಗೇ ಎಲ್ಲ ಗೊತ್ತು.

ಇಪ್ಪತ್ತಮೂರು ವರ್ಷದವಳ ಕೈಗೆ ಇಂಥದ್ದು ಕೊಟ್ಟರೆ ಆಕೆ ಯಾರ ಪಕ್ಷ ಹಿಡಿದಾಳು? ಮೊದಲ ಮೂರು ಪುಸ್ತಕದ ನಾಯಕ ಬಿಲ್ ಇಲ್ಲಿ ಪೆರು ದೇಶಕ್ಕೆ ಗಂಟುಮೂಟೆ ಕಟ್ಟಿದ ಹಳೇ ಗೆಳೆಯ, ಅಷ್ಟೇ. ನನ್ನ ಮಟ್ಟಿಗೆ ಅವನು ಸ್ಪರ್ಧೆಗೇ ಇರಲಿಲ್ಲ. ಓದುಗರ ನಿಷ್ಠೆ ಅಂತ ದೊಡ್ಡ ಮಾತಾಡುತ್ತೇವೆ. ನನ್ನದು ಯಾವ ಪುಸ್ತಕ ಮೊದಲು ಸಿಕ್ಕಿತು ಅನ್ನುವುದರ ಮೇಲೆ ನಿಂತಿತ್ತು. ಆ ದಿನ ಫುಟ್‌ಪಾತಿನವನು ಒಂದನೆಯದನ್ನು ಮೇಲಿಟ್ಟಿದ್ದರೆ ನಾನು ಬಿಲ್‌ನವಳಾಗುತ್ತಿದ್ದೆನೇನೋ.

ಅವ್ವ ಬಿಲ್‌ನವಳಾಗಿದ್ದು ಹಾಗೇ. 2011ರ ಬೇಸಿಗೆಗೆ ಊರಿಗೆ ಬರುವ ಹೊತ್ತಿಗೆ ಆರು ಪುಸ್ತಕ ಕೂಡಿಸಿದ್ದೆ. ಆಗ ಇನ್ನೂ ಊರಿನ ಹೆಸರು ಗುಲ್ಬರ್ಗಾ. ರಾತ್ರಿ ಕರೆಂಟ್ ಹೋದರೆ ಬರುವ ಖಾತ್ರಿ ಇಲ್ಲ. ಸಂಜೆಗೇ ಮಾಳಿಗೆಯ ಫರಸಿಗೆ ನಾಲ್ಕು ಕೊಡ ನೀರು ಹೊಡೆಯುತ್ತಿದ್ದೆವು. ಶಹಾಬಾದ್ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೂ ಕಕ್ಕುತ್ತಿರುತ್ತದೆ. ಚಾಪೆ ಹಾಸಿ ಮಲಗಿದರೂ ಬೆನ್ನು ಬೇಯುತ್ತದೆ, ನಿದ್ದೆ ಬರುವುದಿಲ್ಲ. "ಏನರೆ ಹೇಳು" ಅಂದಳು ಅವ್ವ. ನಾನು ಸೂಕಿಯನ್ನು ಹೇಳಿದೆ, ಒಂದನೆಯದರಿಂದ, ಕ್ರಮವಾಗಿ.

ಅವ್ವನಿಗೆ ರಕ್ತಪಿಶಾಚಿಯನ್ನು ಒಪ್ಪಿಸುವುದು ಸುಲಭ ಇರಲಿಲ್ಲ. ಆಕೆಯ ದೆವ್ವ ಅಂದರೆ ಗಾಣಗಾಪುರದ್ದು. ಮಧ್ಯಾಹ್ನದ ಮಂಗಳಾರತಿ ಹೊತ್ತಿಗೆ ಗಾಳಿ ಬಡಿದವರು ಕಂಬ ಹಿಡಿದು ಚೀರುವುದನ್ನು ಆಕೆ ಸಣ್ಣವಳಿದ್ದಾಗಿನಿಂದ ನೋಡಿದವಳು. ಆ ದೆವ್ವಗಳಿಗೆ ಹಸಿವಿರುತ್ತದೆ, ಸಿಟ್ಟಿರುತ್ತದೆ, ತೀರದ ಆಸೆ ಇರುತ್ತದೆ. ಚೆಂದದ ಮುಖ, ಸ್ವಂತ ಕಾರು, ಬಾರು ಇರುವುದಿಲ್ಲ. "ರಕ್ತಾ ಕುಡಿಯಾಂವಗ ಊರಾಗ ಇರ್ಲಾಕ ಯಾರ್ ಬಿಟ್ರು?" ಅಂದಳು. ಜಪಾನಿನವರು ಕೃತಕ ರಕ್ತ ಕಂಡುಹಿಡಿದಿದ್ದಾರೆ, ಬಾಟಲಿಯಲ್ಲಿ ಮಾರುತ್ತಾರೆ, ಅದಕ್ಕೇ ಅವರೆಲ್ಲ ಹೊರಗೆ ಬಂದರು ಅಂದೆ. ಇದು ಸರಿ ಅನ್ನಿಸಿತು ಆಕೆಗೆ. "ಬಾಟ್ಲಿ ಹಾಲಿನ್ಹಂಗ" ಅಂತ ತಾನೇ ಸಮಾಧಾನ ಹೇಳಿಕೊಂಡಳು.

ಸೂಕಿ ಬಡಿಸುತ್ತಿದ್ದದ್ದು ಬಾರಿನಲ್ಲಿ. ಅದನ್ನು ನಾನು ಖಾನಾವಳಿ ಮಾಡಿದೆ. ಅಲ್ಲಿ ಊಟವೂ ಸಿಗುತ್ತದೆ ಅನ್ನುವುದು ನಿಜ, ಹಾಗಾಗಿ ಅದು ಪೂರ್ತಿ ಸುಳ್ಳಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಬಿಲ್ ಅವ್ವನನ್ನು ಗೆದ್ದದ್ದು ಪ್ರೀತಿಯಿಂದಲ್ಲ. ಸೂಕಿಯ ಅಜ್ಜಿ ಒಂದು ಸಂಘದ ಸದಸ್ಯೆ, ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತವರನ್ನು ನೆನೆಯುವ ಸಂಘ. ಬಿಲ್ ಆ ಯುದ್ಧದಲ್ಲಿ ಕಾದಾಡಿದವನೇ. ಮುದುಕಿ ಕೇಳಿಕೊಂಡಳೆಂದು ಬಂದು ಭಾಷಣ ಮಾಡುತ್ತಾನೆ. "ಹಿರೇರ ಮಾತಿಗಿ ಬೆಲಿ ಕೊಡ್ತಾನ" ಅಂದಳು ಅವ್ವ, ಅಲ್ಲಿಗೆ ಮುಗಿಯಿತು. ಅದೇ ಪುಸ್ತಕದಲ್ಲಿ ಆ ಅಜ್ಜಿಯ ಕೊಲೆಯಾಗುತ್ತದೆ. ಆ ರಾತ್ರಿ ಅವ್ವ ಮಾತಾಡದೆ ಮಗ್ಗುಲಾದಳು. ಮರುದಿನ ತೊಗರಿ ಬೇಳೆ ಆರಿಸುತ್ತಾ, "ಮುದುಕೀಗಿ ಯಾಕ ಕೊಲ್ಲಬೇಕಿತ್ತು ಆ ಬರಿಯಾಕಿ?" ಅಂತ ಲೇಖಕಿಯ ಮೇಲೆ ಹರಿಹಾಯ್ದಳು. ಸರಣಿಯ ಮೇಲೆ ಅವ್ವನಿಗಿದ್ದ ಮೊದಲ ತಕರಾರು ಅದು. ಇವತ್ತಿಗೂ ಬಿಟ್ಟಿಲ್ಲ.

ಆರನೆಯದಕ್ಕೆ ಬಂದಾಗ ಬಿಲ್ ಬಿದ್ದ. ಸೂಕಿ ಅವನ ಹತ್ತಿರ ನೆಮ್ಮದಿಯಿಂದ ಇರುತ್ತಿದ್ದದ್ದು ಯಾಕೆಂದರೆ ವ್ಯಾಂಪೈರ್‌ಗಳ ಮನಸ್ಸು ಆಕೆಗೆ ಕೇಳುವುದಿಲ್ಲ. ಲೋಕವೆಲ್ಲ ಗದ್ದಲ, ಅವನೊಬ್ಬ ಮೌನ. ಆ ಮೌನದೊಳಗೆ ಏನಿತ್ತು ಅಂದರೆ, ಲೂಸಿಯಾನಾದ ವ್ಯಾಂಪೈರ್ ರಾಣಿ ಅವನನ್ನು ಕಳಿಸಿದ್ದಳು, ಸೂಕಿಯ ವಿದ್ಯೆ ತನಗೆ ಬೇಕೆಂದು. ಮೊದಲ ಭೇಟಿಯೇ ಅಪ್ಪಣೆ. ಅವ್ವ ಎದ್ದು ಕೂತಳು. "ಆ ಮುದುಕಿ ಮುಂದ ಭಾಷಣಾ ಮಾಡಿದ್ದೂ ಅದಕ್ಕೇ ಏನು?" ಅಂದಳು. ಐದು ಪುಸ್ತಕ ಹಿಂದಕ್ಕೆ ಹೋಗಿ ಲೆಕ್ಕ ತೆಗೆದಳು ನೋಡಿ! ನಾನು ಅಷ್ಟು ಯೋಚಿಸಿರಲಿಲ್ಲ. ಮೋಸ ಗೊತ್ತಾದಾಗ ಮುಂದಿನ ಪುಟ ಮಾತ್ರ ಬದಲಾಗುತ್ತದೆ ಅಂದುಕೊಂಡಿದ್ದೆ, ಅವ್ವನಿಗೆ ಹಿಂದಿನವೂ ಬದಲಾದವು.

ಆಮೇಲೆ ಎರಿಕ್. ನನ್ನ ಎರಿಕ್‌ನನ್ನು ಅವ್ವ ಯಾವತ್ತೂ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಒಂಬತ್ತನೆಯದರಲ್ಲಿ ಅವನು ಸೂಕಿಯ ಕೈಗೆ ಬಟ್ಟೆ ಸುತ್ತಿದ ಒಂದು ಚೂರಿ ಕಳಿಸಿ, ಅದನ್ನು ಸಾಕ್ಷಿಯ ಎದುರು ತನಗೆ ಕೊಡಿಸಿಕೊಳ್ಳುತ್ತಾನೆ. ವ್ಯಾಂಪೈರ್‌ಗಳ ಲೆಕ್ಕದಲ್ಲಿ ಅದು ಮದುವೆ. ಆಕೆಗೆ ಗೊತ್ತೇ ಇಲ್ಲ. ಆಕೆಯನ್ನು ಕಾಪಾಡಲಿಕ್ಕೇ ಹಾಗೆ ಮಾಡಿದ ಅಂತ ನಾನು ವಕಾಲತ್ತು ಮಾಡಿದೆ. "ಕೇಳಬೇಕಿತ್ತಿಲ್ಲೋ?" ಅಂದಳು ಅವ್ವ. ಹದಿನಾರಕ್ಕೆ ಮದುವೆಯಾದವಳು, ಆಕೆಯನ್ನೂ ಯಾರೂ ಕೇಳಿರಲಿಲ್ಲ. ನನ್ನ ವಕಾಲತ್ತು ಅಲ್ಲಿಗೇ ನಿಂತಿತು.

ಇಷ್ಟರ ನಡುವೆ ಸ್ಯಾಮ್ ಇದ್ದ. ಖಾನಾವಳಿಯ ಮಾಲೀಕ. ಬೇಕೆಂದಾಗ ನಾಯಿಯಾಗಬಲ್ಲವನು. ಅವ್ವ ಅದನ್ನೊಂದು ಕೊರತೆ ಅಂತ ಎಣಿಸಲೇ ಇಲ್ಲ. "ಹಗಲ ಹೊತ್ತು ಎದ್ದಿರ್ತಾನ. ಉಣ್ತಾನ. ಪಗಾರ ಕೊಡ್ತಾನ" ಅಂದಳು.

2013ರ ಮೇ ತಿಂಗಳಲ್ಲಿ ಹದಿಮೂರನೆಯದು, ಕೊನೆಯದು, ಬಂತು. ಮಾರಾಟಕ್ಕೆ ಬರುವ ಮೊದಲೇ ಅಂತ್ಯ ಸೋರಿ ಹೋಗಿತ್ತು. ಸೂಕಿ ಸ್ಯಾಮನ ಜೊತೆ ಉಳಿಯುತ್ತಾಳೆ, ಎರಿಕ್ ಓಕ್ಲಹೋಮಾದ ರಾಣಿಯ ಗಂಡನಾಗಿ ಹೊರಟುಹೋಗುತ್ತಾನೆ. ಹ್ಯಾರಿಸ್‌ಗೆ ಬೆದರಿಕೆ ಹಾಕಿದ ಓದುಗರೂ ಇದ್ದರು. ನಾನು ಯಾರಿಗೂ ಬೆದರಿಕೆ ಹಾಕಲಿಲ್ಲ. ಕೊರಿಯರ್‌ನಲ್ಲಿ ಬಂದ ಪುಸ್ತಕವನ್ನು ಒಂದೇ ರಾತ್ರಿಗೆ ಓದಿ ಗೋಡೆಗೆ ಎಸೆದೆ. ಬೈಂಡಿಂಗ್ ಬಿಟ್ಟುಕೊಂಡದ್ದು ಇನ್ನೂ ಹಾಗೇ ಇದೆ.

ಈಗ ಯೋಚಿಸಿದರೆ ಎಲ್ಲ ಎದುರಿಗೇ ಇತ್ತು. ಹನ್ನೆರಡನೆಯದರಲ್ಲಿ ಸೂಕಿಯ ಹತ್ತಿರ ಒಂದೇ ಒಂದು ಆಸೆ ಪೂರೈಸುವ ಮಾಯದ ವಸ್ತು ಇರುತ್ತದೆ. ಅದರಿಂದ ಆ ರಾಣಿಯ ಮದುವೆಯಿಂದ ತನ್ನನ್ನು ಉಳಿಸುತ್ತಾಳೆಂದು ಎರಿಕ್ ನಂಬಿದ್ದ. ಆಕೆ ಅದನ್ನು ಖರ್ಚು ಮಾಡಿದ್ದು ಸತ್ತು ಬಿದ್ದ ಸ್ಯಾಮನನ್ನು ಬದುಕಿಸಲಿಕ್ಕೆ. ಇದಕ್ಕಿಂತ ಬಿಡಿಸಿ ಹೇಳಲಿಕ್ಕಾಗುತ್ತದೆಯೇ? ಆದರೂ ನಮ್ಮಂಥವರು ಇಡೀ ವರ್ಷ ಬೇರೆ ಅರ್ಥ ಹುಡುಕುತ್ತಾ ಕೂತೆವು. ಒಂದನೆಯದು ಬಂದದ್ದು 2001ರಲ್ಲಿ. ಹದಿಮೂರು ಪುಸ್ತಕ ದಾಟುವಷ್ಟರಲ್ಲಿ ಸೂಕಿಗೆ ಹೆಚ್ಚೆಂದರೆ ಎರಡು ಮೂರು ವರ್ಷ ವಯಸ್ಸಾಗಿರಬೇಕು. ಜೊತೆಗೆ ಓದುತ್ತಾ ಬಂದವರಿಗೆ ಹನ್ನೆರಡು ವರ್ಷವಾಯಿತು. ಅಷ್ಟರಲ್ಲಿ ಮದುವೆ, ಮಕ್ಕಳು, ಸಾಲ ಎಲ್ಲ ಆಗಿರುತ್ತವೆ. ಸೂಕಿಯೂ ಕೈಬಿಟ್ಟಳು ಅಂದರೆ ಸಿಟ್ಟು ಬಾರದೆ ಇದ್ದೀತೆ? 2013ರಲ್ಲೇ ಯಾರ್ಯಾರು ಏನಾದರು ಅಂತ ಅಕ್ಷರಮಾಲೆಯ ಕ್ರಮದಲ್ಲಿ ಇನ್ನೊಂದು ತೆಳ್ಳಗಿನ ಪುಸ್ತಕ ಬಂತು. ಮನೆ ಖಾಲಿ ಮಾಡುವಾಗ ಬರೆಯುವ ಸಾಮಾನಿನ ಪಟ್ಟಿ ಇದ್ದಂತಿತ್ತು. ಇದೇ ಪುಸ್ತಕಗಳನ್ನು ಆಧರಿಸಿ ಟೀವಿಯಲ್ಲಿ ಬರುತ್ತಿದ್ದ ಟ್ರೂ ಬ್ಲಡ್ 2014ರಲ್ಲಿ ಮುಗಿದಾಗ ಸೂಕಿಯ ಗಂಡನ ಮುಖವನ್ನೇ ತೋರಿಸಲಿಲ್ಲ. ಜಾಣರು.

ಅವ್ವನಿಗೆ ಮಾತ್ರ ನಾನು ಎರಿಕ್ ಅಂದೆ.

ಸಿಟ್ಟಿಗೆ ಹಾಗೆ ಹೇಳಿದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಖರೆ ಕಾರಣ ಬೇರೆ. ಆ ಬೇಸಿಗೆಗೆ ನನಗೊಂದು ಸಂಬಂಧ ಬಂದಿತ್ತು. ಎರಡು ಓಣಿ ಆಚೆಯ ಮನೆ. ಗೊತ್ತಿದ್ದ ಮಂದಿ, ಕಣ್ಣ ಮುಂದೆ ಬೆಳೆದ ಹುಡುಗ, ಸ್ವಂತ ಅಂಗಡಿ. ದಿನಾ ಮುಂಜಾನೆ ಚಹಾದ ಜೊತೆ ಆ ಮಾತು. ಸೂಕಿಯೂ ಕೊನೆಗೆ ಗೊತ್ತಿದ್ದವನನ್ನೇ, ಅಂಗಡಿ ಇಟ್ಟವನನ್ನೇ ಹಿಡಿದಳು ಅಂತ ಗೊತ್ತಾಗಿದ್ದರೆ ಅವ್ವ ನನ್ನನ್ನು ಬಿಡುತ್ತಿದ್ದಳೆ? ಶಾರ್ಲೀನ್ ಹ್ಯಾರಿಸ್ ನಮ್ಮ ಮನೆಯ ಹಿರಿಯಳಾಗಿ ಕೂತುಬಿಡುತ್ತಿದ್ದಳು. ಹಾಗಾಗಿ ಸೂಕಿಯನ್ನು ಎರಿಕ್‌ನ ಜೊತೆ ಕಳಿಸಿ ನಾನು ಪಾರಾದೆ. ಆ ಸಂಬಂಧ ತಪ್ಪಿಹೋಯಿತು. ಅದರ ಕಥೆ ಇಲ್ಲಿ ಬರೆಯುವಂಥದ್ದಲ್ಲ.

ಅಣ್ಣನ ಮಗಳು ರಜೆಗೆಂದು ಬೀದರಿನಿಂದ ಬಂದು ಮೂರು ವಾರವಾಯಿತು. ಪಿಯುಸಿ ಮೊದಲ ವರ್ಷ ಮುಗಿಸಿದ್ದಾಳೆ. ಫೋನಿನಲ್ಲೇ ಓದುತ್ತಾಳೆ, ಮಲಗಿಕೊಂಡು. ಮೊದಲು ಟ್ವೈಲೈಟ್ ಅನ್ನುವ ಇನ್ನೊಂದು ವ್ಯಾಂಪೈರ್ ಸರಣಿಯ ನಾಲ್ಕೂ ಮುಗಿಸಿದ್ದಳಂತೆ. 2005ರಿಂದ 2008ರೊಳಗೆ ಬಂದು ಮುಗಿದ ಸರಣಿ, ನಾಯಕಿಯನ್ನು ಪ್ರೀತಿಸುವ ಇಬ್ಬರಲ್ಲಿ ಎಡ್ವರ್ಡ್ ಕಡೆಯವರು, ಜೇಕಬ್ ಕಡೆಯವರು ಅಂತ ಎರಡೇ ಪಕ್ಷ. ಕೊನೆಗೆ ಜೇಕಬ್‌ನ ಜೀವ ನಾಯಕಿಯ ಹಸುಗೂಸಿನ ಜೊತೆ ಬೆಸೆದುಕೊಳ್ಳುತ್ತದೆ ಅಂತ ಹುಡುಗಿ ಹೇಳಿದಾಗ ಅವ್ವ "ಆ ಪುಸ್ತಕ ಮುಚ್ಚು" ಅಂದಳು. ಮುಂದೆ ಆ ಮಾತೇ ಬರಲಿಲ್ಲ. ಸೂಕಿಯನ್ನು ಹುಡುಗಿಗೆ ಹಚ್ಚಿದ್ದು ನಾನೇ. ನನ್ನ ಸುಳ್ಳು ನನಗೇ ಮರೆತುಹೋಗಿತ್ತು.

ಹುಡುಗಿಯದು ಇನ್ನೊಂದು ರೀತಿ. ಹದಿಮೂರನ್ನೂ ಹದಿನೆಂಟು ದಿನದಲ್ಲಿ ಓದಿದ್ದಾಳೆ. ಸೋಮವಾರ ಬಿಲ್, ಶುಕ್ರವಾರ ಎರಿಕ್, ಮುಂದಿನ ವಾರ ಸ್ಯಾಮ್. "ಯಾರ ಕಡೆ ನೀನು?" ಅಂದರೆ, "ಯಾರ ಕಡೀಗೂ ಇಲ್ಲ ಅತ್ತಿ, ಆಕಿ ಮನಿ ಛಲೋ ಅದ, ಆಕಿ ಒಬ್ಬಾಕೇ ಇದ್ರೂ ನಡೀತಿತ್ತು" ಅಂತಾಳೆ. ನಾವು ಒಂದೊಂದು ಪುಸ್ತಕಕ್ಕೆ ಒಂದೊಂದು ವರ್ಷ ಕಾದವರು. ಕಾಯುವ ಹೊತ್ತಿನಲ್ಲಿ ಪಕ್ಷ ಗಟ್ಟಿಯಾಗುತ್ತಿತ್ತು. ಈಕೆಗೆ ಕಾಯುವುದೇ ಇರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಅವ್ವ ಉಳಿದ ರೊಟ್ಟಿಗಳನ್ನು ಮಾತಿಲ್ಲದೆ ಬಡಿದಳು. ಸಪ್ಪಳ ಜೋರಾಗಿತ್ತು. ಹುಡುಗಿ ವಾತಾವರಣ ತಿಳಿಗೊಳಿಸಲು ಹೋಗಿ, "ಸ್ಯಾಮಂದು ಖಾನಾವಳಿ ಅಲ್ಲ ಆಯಿ, ಬಾರು" ಅಂದು ಇನ್ನೊಂದನ್ನೂ ಹೊರಹಾಕಿದಳು.

"ದಾರೂ ಅಂಗಡಿ?"

"ಹೂಂ. ಊಟಾನೂ ಸಿಗ್ತದ."

ಅವ್ವ ನನ್ನ ಕಡೆ ತಿರುಗಿದಳು. "ಹನ್ನೆರಡು ವರ್ಷ ಆಕಿ ಆ ರಾತ್ರಿ ಮನಷ್ಯಾನ ಕೂಡ ಹ್ಯಾಂಗ್ ಸಂಸಾರ ಮಾಡ್ತಾಳೋ ಅಂತ ನನ್ನ ತಲಿಯೊಳಗಿತ್ತು. ನಿನಗೇನ್ ಗೊತ್ತು?"

ನಗು ಬಂದದ್ದನ್ನು ತಡೆದುಕೊಂಡೆ, ಆಮೇಲೆ ನಗು ಬರಲಿಲ್ಲ. ನಾನು ಎಂದೋ ಎಸೆದ ಕಥೆಯನ್ನು ಆಕೆ ಇನ್ನೂ ನಡೆಸುತ್ತಿದ್ದಳು, ನಾನು ಕೊಟ್ಟ ಸುಳ್ಳು ಅಂತ್ಯದಿಂದ ಮುಂದಕ್ಕೆ.

ರಾತ್ರಿ ಊಟವಾದ ಮೇಲೆ ತಾನೇ ಚಾಪೆ ಎತ್ತಿಕೊಂಡು ಮಾಳಿಗೆ ಹತ್ತಿದಳು. ಈಗ ಕೆಳಗೆ ಕೂಲರ್ ಇದೆ, ಮಾಳಿಗೆಯ ಅಗತ್ಯವಿಲ್ಲ. ಮೊಣಕಾಲು ಬೇರೆ ನೋಯುತ್ತದೆ ಆಕೆಗೆ. ನಾವಿಬ್ಬರೂ ಹಿಂದೆ ಹೋದೆವು. "ಹನ್ನೆರಡನೇದರಿಂದ ಹೇಳು. ನೀ ಬ್ಯಾಡ, ಆಕಿ ಹೇಳ್ಲಿ" ಅಂದಳು. ಹುಡುಗಿ ಹೇಳಿದಳು. ಅರ್ಧ ಇಂಗ್ಲಿಷು, ಆದರೂ ನನಗಿಂತ ನೆಟ್ಟಗೆ. ಸ್ಯಾಮ್ ಸತ್ತದ್ದು, ಬದುಕಿದ್ದು, ಎರಿಕ್‌ನ ಮುಖ ಬಿಗಿದದ್ದು ಎಲ್ಲ ಬಂತು. ಅವ್ವ ಒಮ್ಮೆಯೂ "ನಾ ಅಂದಿದ್ದೆ" ಅನ್ನಲಿಲ್ಲ. ಅನ್ನುತ್ತಾಳೆಂದು ಕಾದಿದ್ದೆ.

ಕೊನೆಗೆ ಕೇಳಿದಳು, "ಪಗಾರ ಹೆಚ್ಚಿಗಿ ಮಾಡಿದ್ನೇನು?"

"ಪಗಾರಲ್ಲ ಆಯಿ. ಕಷ್ಟದಾಗ ಆಕಿ ರೊಕ್ಕಾ ಕೊಟ್ಟಿದ್ಳು. ಈಗ ಅಂಗಡ್ಯಾಗ ಆಕೀದೂ ಪಾಲದ."

"ಪಾಲು?" ಅವ್ವ ಮೊಣಕೈ ಊರಿ ಎದ್ದಳು. "ಕಾಗದಾ ಮಾಡ್ಯಾರೇನು, ಇಲ್ಲಾ ಬರೇ ಬಾಯಿಮಾತೋ?"

ಹುಡುಗಿ ಫೋನು ತೆಗೆದು ಪುಟ ಹಿಂದಕ್ಕೆ ಸರಿಸತೊಡಗಿದಳು.